ಎಂಟು ನಾಟಿ ಕೋಳಿಗೆ ಎಷ್ಟು ಜಾಗ ಬೇಕು?

ಹಿತ್ತಲಲ್ಲಿ 10 ಅಡಿಗೆ 12 ಅಡಿ ಜಾಗ ಇದೆ, ಎಂಟು ನಾಟಿ ಕೋಳಿ ಸಾಕಬೇಕು, ಫಾರ್ಮ್ ಇಟ್ಟಿರುವ ಗೆಳೆಯರು ಒಂದಕ್ಕೆ ಒಂದು ಚದರ ಅಡಿ ಸಾಕು ಅಂದರು, ಹೌದಾ ಅಂತ ಕೇಳಿದ್ದೀರಿ. ಗೆಳೆಯರು ಸುಳ್ಳೇನೂ ಹೇಳಿಲ್ಲ. ಆದರೆ ಅದು ಬ್ರಾಯ್ಲರ್ ಲೆಕ್ಕ. ಬ್ರಾಯ್ಲರ್ ಆರು ವಾರಕ್ಕೆಲ್ಲ ಅಂಗಡಿಗೆ ಹೋಗುತ್ತದೆ. ನಿಮ್ಮ ಹ್ಯಾಟೆಗಳು ವರ್ಷಗಟ್ಟಲೆ ಅಲ್ಲೇ ಬಾಳಬೇಕು, ಅಲ್ವಾ?

ನಾನು ಲೆಕ್ಕ ಹಾಕುವುದು ಹೀಗೆ. ರಾತ್ರಿ ಗೂಡಿಗೆ ತಲಾ 3 ಚದರ ಅಡಿ, ಹಗಲು ಓಡಾಡಲು ಬಲೆ ಕಟ್ಟಿದ ಅಂಗಳಕ್ಕೆ ತಲಾ 10. ನಿಮ್ಮ ಜಾಗ ಇದಕ್ಕೆ ಸರಿಹೋಗುತ್ತದೆ. 4 ಅಡಿಗೆ 6 ಅಡಿ ಗೂಡು ಕಟ್ಟಿದರೆ 24 ಆಯಿತು, ಇನ್ನೂ 96 ಉಳಿಯಿತು. ಗೂಡನ್ನು ಎರಡಡಿ ಎತ್ತರದ ಕಾಲಿನ ಮೇಲೆ ಕೂರಿಸಿ, ಕೆಳಗಿನ ನೆರಳೂ ಕೋಳಿಗೇ ಸಿಗುತ್ತದೆ. ಮಧ್ಯಾಹ್ನ ಅವು ಮಣ್ಣಲ್ಲಿ ಹೊರಳಾಡುವುದು ಅಲ್ಲೇ.

ರಾತ್ರಿ ಸ್ವಲ್ಪ ಇಕ್ಕಟ್ಟಾದರೂ ಕೋಳಿ ತಲೆ ಕೆಡಿಸಿಕೊಳ್ಳುವುದಿಲ್ಲ, ಒಂದಕ್ಕೊಂದು ಅಂಟಿಕೊಂಡೇ ಮಲಗುತ್ತವೆ. ಜಗಳ ಶುರುವಾಗುವುದು ಬೆಳಗಾದ ಮೇಲೆ. ನಾನು ಮೊದಲ ಸಲ 3 ಅಡಿಗೆ 4 ಅಡಿ ಗೂಡು, ಅದರ ಮುಂದೆ ಒಂದು ಮಂಚದಷ್ಟು ಅಂಗಳ ಮಾಡಿದ್ದೆ. ಆರು ಕೋಳಿ ಇದ್ದವು. ಒಂದು ಹ್ಯಾಟೆ ಕಾವಿಗೆ ಕೂತಿತು, 21 ದಿನ ಆದಮೇಲೆ ಒಂಬತ್ತು ಮರಿ. ಮರಿ ಬಲಿತ ಹೊತ್ತಿಗೆ ಮಳೆಗಾಲ ಹಿಡಿಯಿತು, ಹೊರಗೆ ಬಿಡಲಾಗಲಿಲ್ಲ. ಹದಿನೈದೇ ದಿನದಲ್ಲಿ ಬಡಪಾಯಿ ಕೋಳಿಗಳ ಬಾಲದ ಬುಡ ಬೋಳಾಗಿ ಕೆಂಪಗಾಗಿತ್ತು. ಒಂದಕ್ಕೆ ರಕ್ತ ಬಂತು ಅಂದರೆ ಮುಗಿಯಿತು, ಉಳಿದವೆಲ್ಲ ಅಲ್ಲಿಗೇ ಕುಕ್ಕುತ್ತವೆ. ಗೂಡಿಗೆ ತಲೆ ಹಾಕಿದರೆ ಹಿಕ್ಕೆಯ ಘಾಟಿಗೆ ಕಣ್ಣು ಉರಿಯುತ್ತಿತ್ತು. ಆ ಘಾಟು ನಮಗೇ ತಟ್ಟಿತು ಅಂದರೆ ಕೋಳಿಗೆ ಆಗಲೇ ಕಷ್ಟ ಶುರುವಾಗಿದೆ ಅಂತ ಅರ್ಥ. ಹಾಗಾಗಿ ಮೊದಲ ವರ್ಷ ಮರಿ ಮಾಡಿಸುವ ಆಸೆ ಬಿಡಿ. ಇಲ್ಲವೇ ಈಗಲೇ ನಾಲ್ಕು ಕೋಳಿಯಿಂದ ಶುರು ಮಾಡಿ.

ಗೂಡಿನೊಳಗೆ ನೆಲದ ಅಳತೆಗಿಂತ ಕೂರುವ ಗಳ ಮುಖ್ಯ. ಒಂದಕ್ಕೆ 9 ಇಂಚು ಹಿಡಿದರೆ ಎಂಟಕ್ಕೆ 6 ಅಡಿ ಗಳ, ನಿಮ್ಮ ಗೂಡಿನ ಉದ್ದವೂ ಅಷ್ಟೇ. ಎರಡು ಗಳ ಹಾಕುವುದಾದರೆ ಒಂದೇ ಎತ್ತರಕ್ಕೆ ಹಾಕಿ. ಮೆಟ್ಟಿಲಿನ ಹಾಗೆ ಹಾಕಿದರೆ ಎಲ್ಲಕ್ಕೂ ಮೇಲಿನದೇ ಬೇಕು. ಮೊಟ್ಟೆ ಇಡಲು ಒಂದಡಿ ಅಗಲದ ಪೆಟ್ಟಿಗೆ ಎರಡು ಸಾಕು, ಗಳಕ್ಕಿಂತ ಕೆಳಗಿರಲಿ. ಎರಡಿದ್ದರೂ ಎಲ್ಲವೂ ಒಂದರಲ್ಲೇ ಇಡುತ್ತವೆ, ಅದು ಬೇರೆ ಮಾತು. ನೆಲಕ್ಕೆ ಮೂರಿಂಚು ಭತ್ತದ ಹೊಟ್ಟು ಹರಡಿ, ಒದ್ದೆಯಾದದ್ದನ್ನು ಆಗಾಗ ತೆಗೆಯಿರಿ. ಗಾಳಿಗೆ ಕಿಂಡಿ ಕೋಳಿಯ ತಲೆಗಿಂತ ಮೇಲಿರಬೇಕು.

ಅಂಗಳದ ಮೇಲೂ ಬಲೆ ಬೇಕೇ ಬೇಕು. ನಾಟಿ ಕೋಳಿ ಆರಡಿ ಬೇಲಿ ಸಲೀಸಾಗಿ ಹಾರುತ್ತದೆ, ಹದ್ದಿನ ಕಾಟ ಬೇರೆ. ಪಕ್ಕಕ್ಕೆ ತೆಳ್ಳಗಿನ ಕೋಳಿ ಜಾಲರಿ ಹಾಕಬೇಡಿ, ಬೀದಿ ನಾಯಿ ಹರಿದು ಹಾಕುತ್ತದೆ. ಅರ್ಧ ಇಂಚಿನ ವೆಲ್ಡ್ ಮೆಶ್ ದುಬಾರಿ, ಆದರೂ ಅದನ್ನೇ ತನ್ನಿ. ಬುಡದಲ್ಲಿ ಒಂದಡಿ ಹೊರಕ್ಕೆ ಮಡಚಿ ಮಣ್ಣು ಮುಚ್ಚಿ, ಮುಂಗುಸಿ ತೋಡಿ ಬರುವುದು ನಿಲ್ಲುತ್ತದೆ.

ಗಿರಿರಾಜ ತಳಿಯ ಕೋಳಿ ತರುವ ಯೋಚನೆ ಇದ್ದರೆ ಗೂಡಿಗೆ ತಲಾ 4 ಚದರ ಅಡಿ ಹಿಡಿಯಿರಿ, ಅವು ಮೈಯಲ್ಲಿ ದಪ್ಪ.

ಇನ್ನೊಂದು, ಗೂಡಿನ ಬಾಗಿಲು. ನಾನು ಒಂದಡಿಯದು ಇಟ್ಟು, ಮೊಟ್ಟೆ ತೆಗೆಯಲು ಮಗಳನ್ನೇ ಒಳಗೆ ಕಳಿಸುತ್ತಿದ್ದೆ. ಈಗ ಅವಳೂ ಎತ್ತರ ಆಗಿದ್ದಾಳೆ, ಹೋದ ತಿಂಗಳು ಹಲಗೆ ಕೊಯ್ದು ಎರಡೂವರೆ ಅಡಿ ಮಾಡಿಸಿದೆ. ನೀವು ಮೊದಲೇ ಅಷ್ಟು ಇಡಿಸಿ.