ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ ಬಿಡಬೇಡಿ, ಮುಂದೆ ನೋಡಿ

'ಎಲ್ಲರೂ ಸಾಯುತ್ತಲೇ ಇದ್ದಾರೆ, ಮುಂದೆ ನೋಡಲಾ ಬಿಡಲಾ' ಅಂತ ಈ ಬಾಹ್ಯಾಕಾಶ ಟಿವಿ ಸರಣಿಯ ಬಗ್ಗೆ ಕೇಳಿದ್ದೀರಲ್ಲ, ಖಂಡಿತ ನೋಡಿ. 2004ರ ಆ ಮೊದಲ ಕಂತನ್ನೇ ನೆನಪಿಸಿಕೊಳ್ಳಿ. 33 ನಿಮಿಷಕ್ಕೊಮ್ಮೆ ಸೈಲಾನ್‌ಗಳ, ಅಂದರೆ ಮನುಷ್ಯರ ಮೇಲೆ ತಿರುಗಿಬಿದ್ದ ಯಂತ್ರಮಾನವರ ದಾಳಿ, ಐದು ದಿನದಿಂದ ಯಾರಿಗೂ ನಿದ್ದೆಯಿಲ್ಲ, ಅಧ್ಯಕ್ಷೆ ರೋಸ್ಲಿನ್ ಅವರ ಬೋರ್ಡಿನಲ್ಲಿ ಬದುಕಿ ಉಳಿದ ಮನುಷ್ಯರ ಲೆಕ್ಕ ಇಳಿಯುತ್ತಲೇ ಇರುತ್ತದೆ. ಕೊನೆಗೆ ಒಂದು ಮಗು ಹುಟ್ಟುತ್ತದೆ, ಆಕೆ ಹಳೇ ಸಂಖ್ಯೆ ಅಳಿಸಿ 47,973 ಅಂತ ಬರೆಯುತ್ತಾರೆ. ಒಂದೇ ಒಂದು ಜಾಸ್ತಿ! ನನಗಂತೂ ಗಂಟಲು ಕಟ್ಟಿತು. ಇದರಲ್ಲಿ ಭರವಸೆ ಬರೋದೇ ಹೀಗೆ, ಚಿಟಿಕೆಯಷ್ಟು. ಶುರುವಿನಲ್ಲಿ ಯುದ್ಧನೌಕೆಯ ಕಮಾಂಡರ್ ಅಡಾಮಾಗೂ ರೋಸ್ಲಿನ್‌ಗೂ ಆಗಿಬರೋದೇ ಇಲ್ಲ. ಆಮೇಲೊಂದು ದಿನ ಕ್ಯಾನ್ಸರ್ ಚಿಕಿತ್ಸೆಗೆ ಮಲಗಿದ ಆಕೆಯ ಪಕ್ಕ ಕೂತು ಅಡಾಮಾ ಪುಸ್ತಕ ಓದಿ ಹೇಳುತ್ತಾರೆ (ಇಷ್ಟು ಮುಂಚೆಯೇ ಹೇಳಿದ್ದಕ್ಕೆ ಬೈಬೇಡಿ). ಮೂರನೇ ಸೀಸನ್ ನಡುವೆ ಸ್ವಲ್ಪ ಎಳೆದಿದ್ದಾರೆ, ಅಲ್ಲಿ ಮಾತ್ರ ತಾಳ್ಮೆ ಬೇಕು.