ಅಮೆರಿಕದ ಮಿಡ್‌ಟರ್ಮ್ ಚುನಾವಣೆಯನ್ನು ಎಂಟನೇ ಕ್ಲಾಸಿನ ಮಕ್ಕಳಿಗೆ ಹೇಗೆ ಪಾಠ ಮಾಡುವುದು?

ಮಿಷಿಗನ್‌ನಲ್ಲಿ ಹೊಸದಾಗಿ ಸೋಶಿಯಲ್ ಸ್ಟಡೀಸ್ ಟೀಚರ್ ಆಗಿ ಸೇರಿದ್ದೀರಿ, ಮಿಡ್‌ಟರ್ಮ್ (ಅಧ್ಯಕ್ಷರ ನಾಲ್ಕು ವರ್ಷದ ಅವಧಿಯ ನಡುವೆ ಬರುವ ಚುನಾವಣೆ) ನಡೆಯುವ 2026ರ ನವೆಂಬರ್ 3ರೊಳಗೆ ಈ ಪಾಠ ಮುಗಿಯಬೇಕು, "ಪ್ರೆಸಿಡೆಂಟ್ ಆಯ್ಕೆಯೇ ಇಲ್ಲವಲ್ಲ" ಅಂತ ಮಕ್ಕಳು ಆಕಳಿಸುತ್ತಾರೆ, ಪೋಷಕರು ಜಗಳಕ್ಕೆ ಬಂದರೆ ಎಂಬ ದಿಗಿಲೂ ಇದೆ ಅಂತ ಬರೆದಿದ್ದೀರಿ. ಡೆಟ್ರಾಯಿಟ್ ಪಕ್ಕದ ಊರೊಂದರಲ್ಲಿ ನಾನೂ ಇದೇ ಪಾಠ ಮಾಡುತ್ತೇನೆ. ವಾಷಿಂಗ್ಟನ್‌ನಿಂದ ಶುರು ಮಾಡಲೇಬೇಡಿ. ಮತಪತ್ರವನ್ನು ಕೆಳಗಿನಿಂದ ಮೇಲಕ್ಕೆ ಓದಿಸಿ.

ರಾಜ್ಯದ ಮತದಾರರ ಮಾಹಿತಿ ವೆಬ್‌ಸೈಟಿನಲ್ಲಿ ಚುನಾವಣೆ ಹತ್ತಿರ ಬಂದಾಗ ನಿಮ್ಮ ಊರಿನ ಮಾದರಿ ಮತಪತ್ರ ಸಿಗುತ್ತದೆ. ಅದನ್ನು ಪ್ರಿಂಟ್ ತೆಗೆದು ಮಕ್ಕಳ ಕೈಗೆ ಕೊಡಿ. ಒಂದು ಯಂತ್ರ, ಒಂದು ಗುಂಡಿ, ಬೆರಳಿಗೆ ಶಾಯಿ ಅಂತ ಬೆಳೆದ ನಮಗೇ ಅದರ ಉದ್ದ ನೋಡಿ ತಲೆ ತಿರುಗುತ್ತದೆ. ಗವರ್ನರ್, ಸೆನೆಟರ್, ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯರು, ರಾಜ್ಯದ ಎರಡೂ ಸದನ, ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಾಧೀಶರು, ಕೊನೆಗೆ ಮಿಷಿಗನ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯವರೂ ವೋಟಿನಿಂದಲೇ ಬರಬೇಕು! ರಾಜ್ಯದ ಸಂವಿಧಾನವನ್ನು ಹೊಸದಾಗಿ ಪರಿಶೀಲಿಸಲು ಸಭೆ ಕರೆಯಬೇಕೆ ಎಂಬ ಪ್ರಶ್ನೆ 16 ವರ್ಷಕ್ಕೊಮ್ಮೆ ಜನರ ಮುಂದೆ ಬರುತ್ತದೆ, ಅದರ ಸರದಿಯೂ 2026ಕ್ಕೇ.

ಕೆಳಗಡೆ ಎಲ್ಲೋ ಸ್ಕೂಲ್ ಬೋರ್ಡ್ ಇರುತ್ತದೆ. ಮಕ್ಕಳು ಎಚ್ಚರಗೊಳ್ಳುವುದು ಅಲ್ಲಿ. ದೀಪಾವಳಿಗೆ ರಜೆ ಉಂಟೇ ಅಂತ ನಿಯಮ ಮಾಡುವವರನ್ನು ಅವರ ಪಕ್ಕದ ಮನೆಯವರೇ ಆರಿಸುತ್ತಾರೆ ಅಂತ ಗೊತ್ತಾದ ಮೇಲೆ "ನಮಗೇಕೆ ವೋಟಿಲ್ಲ" ಅಂತ ಅವರೇ ಕೇಳುತ್ತಾರೆ. ಅಲ್ಲಿಂದ ಮೇಲಕ್ಕೆ ಹತ್ತುವುದು ಸುಲಭ. ಕಾಂಗ್ರೆಸ್ಸಿನ ಕೆಳಮನೆಯಾದ ಹೌಸ್‌ನ 435 ಸ್ಥಾನಕ್ಕೂ ಎರಡು ವರ್ಷಕ್ಕೊಮ್ಮೆ ಚುನಾವಣೆ, ಮೇಲ್ಮನೆಯಾದ ಸೆನೆಟ್‌ನ 100ರಲ್ಲಿ ಮೂರನೇ ಒಂದು ಭಾಗಕ್ಕೆ ಮಾತ್ರ. ಇಷ್ಟನ್ನು ಬೋರ್ಡಿನ ಮೇಲೆ ಬರೆದರೆ ಸಾಕು.

ಒಂದು ಪೀರಿಯಡ್ಡನ್ನು ಪೂರ್ತಿ ಕ್ಷೇತ್ರ ವಿಂಗಡಣೆಗೆ ಮೀಸಲಿಡಿ. ಹಾಳೆಯ ಮೇಲೆ ಐದಕ್ಕೆ ಐದು ಚೌಕ ಹಾಕಿಸಿ, 15 ಚೌಕಗಳಲ್ಲಿ ರಾಜ್ಮಾ ಕಾಳು, 10ರಲ್ಲಿ ಕಾಬೂಲ್ ಕಡಲೆ ಇಡಿಸಿ. ಎರಡು ಪಕ್ಷಗಳ ಗುರುತಾದ ಕೆಂಪು-ನೀಲಿ ಬಣ್ಣ ಮಾತ್ರ ಬೇಡ, ತಂದ ತಕ್ಷಣ ಮನೆಯಲ್ಲಿ ಕೇಳಿದ್ದೆಲ್ಲ ಆಟದೊಳಗೆ ನುಗ್ಗುತ್ತದೆ. ಒಂದಕ್ಕೊಂದು ತಾಗಿದ ಐದೈದು ಚೌಕ ಸೇರಿಸಿ ಐದು ಕ್ಷೇತ್ರ ಮಾಡಿ, ಕಡಲೆ ಗೆಲ್ಲಬೇಕು ಅನ್ನಿ. ಆಗುವುದೇ ಇಲ್ಲ ಅಂತ ಹಟ ಹಿಡಿಯುತ್ತಾರೆ. ಆಮೇಲೆ ಯಾರಾದರೂ ಒಬ್ಬರು ಹೆಚ್ಚಿನ ರಾಜ್ಮಾವನ್ನು ಎರಡು ಕ್ಷೇತ್ರಗಳಿಗೆ ತುಂಬಿ, ಉಳಿದ ಮೂರರಲ್ಲಿ ಕಡಲೆಗೆ 3-2ರ ಗೆಲುವು ಕೊಡುತ್ತಾರೆ. 10 ಕಾಳಿನವರು 15 ಕಾಳಿನವರನ್ನು ಆಳುವುದನ್ನು ಕಣ್ಣಾರೆ ಕಂಡ ಮೇಲೆ ಜೆರಿಮ್ಯಾಂಡರಿಂಗ್‌ಗೆ (ಒಂದು ಕಡೆಗೆ ಲಾಭವಾಗುವಂತೆ ಕ್ಷೇತ್ರದ ಗಡಿ ಎಳೆಯುವುದಕ್ಕೆ) ವ್ಯಾಖ್ಯೆ ಬರೆಸುವ ಅಗತ್ಯವೇ ಬೀಳುವುದಿಲ್ಲ. (ಕಾಳುಗಳನ್ನು ಎಣಿಸಿ ಕೊಡಿ, ಎಣಿಸಿ ವಾಪಸ್ ತಗೊಳ್ಳಿ. ಇಲ್ಲದಿದ್ದರೆ ಗುಡಿಸುವ ಕೆಲಸ ನಿಮ್ಮದೇ.)

ಆಟದ ಬೆನ್ನಿಗೇ ನಮ್ಮ ರಾಜ್ಯದ ಕತೆ ಹೇಳಿ. 2018ರ ಮಿಡ್‌ಟರ್ಮ್‌ನಲ್ಲಿ ಮಿಷಿಗನ್ ಮತದಾರರು ಗಡಿ ಎಳೆಯುವ ಅಧಿಕಾರವನ್ನು ಶಾಸಕರಿಂದ ಕಿತ್ತುಕೊಂಡು 13 ಜನರ ಆಯೋಗಕ್ಕೆ ಕೊಟ್ಟರು. ನಾಲ್ವರು ಡೆಮಾಕ್ರಾಟರು, ನಾಲ್ವರು ರಿಪಬ್ಲಿಕನ್ನರು, ಐವರು ಯಾವ ಪಕ್ಷಕ್ಕೂ ಸೇರದವರು. ಹೊಸ ನಕ್ಷೆಯ ಮೇಲೆ ನಡೆದ 2022ರ ಚುನಾವಣೆಯಲ್ಲಿ ಸುಮಾರು 40 ವರ್ಷಗಳ ನಂತರ ಎರಡೂ ಸದನ ಮತ್ತು ಗವರ್ನರ್ ಹುದ್ದೆ ಒಟ್ಟಿಗೆ ಡೆಮಾಕ್ರಾಟರ ಕೈಗೆ ಬಂದವು. ಇದಕ್ಕೆ ನಕ್ಷೆ ಎಷ್ಟು ಕಾರಣ, ಆ ವರ್ಷದ ಗರ್ಭಪಾತದ ಹಕ್ಕಿನ ಪ್ರಶ್ನೆ ಎಷ್ಟು ಕಾರಣ ಎಂಬುದನ್ನು ಮಕ್ಕಳೇ ವಾದಿಸಲಿ, ನೀವು ತೀರ್ಪು ಕೊಡಬೇಡಿ.

ಹೋಂವರ್ಕ್‌ಗೆ ಮೂರು ಇಸವಿ ಕೊಡಿ, 1934, 1998, 2002. ಮಿಡ್‌ಟರ್ಮ್‌ನಲ್ಲಿ ಅಧ್ಯಕ್ಷರ ಪಕ್ಷ ಹೌಸ್‌ನಲ್ಲಿ ಸ್ಥಾನ ಕಳೆದುಕೊಳ್ಳುವುದು ರೂಢಿ, 2010ರಲ್ಲಿ ಒಬಾಮಾ ಪಕ್ಷ 63 ಕಳೆದುಕೊಂಡಿತು. ಈ ಮೂರು ವರ್ಷ ಮಾತ್ರ ಯಾಕೆ ಹಾಗಾಗಲಿಲ್ಲ ಅಂತ ಹುಡುಕಿಕೊಂಡು ಬರಲಿ.

"ನಿಮ್ಮ ಅಪ್ಪ ಅಮ್ಮ ಯಾರಿಗೆ ವೋಟು ಹಾಕುತ್ತಾರೆ, ಕೇಳಿಕೊಂಡು ಬಾ" ಅನ್ನುವ ಹೋಂವರ್ಕ್ ಮಾತ್ರ ದಯವಿಟ್ಟು ಕೊಡಬೇಡಿ. ಹಿಂದೊಮ್ಮೆ ನಮ್ಮ ಸಹೋದ್ಯೋಗಿಯೊಬ್ಬರು ಕೊಟ್ಟಿದ್ದರು. ಎಚ್-1ಬಿ ಕೆಲಸದ ವೀಸಾ ಮೇಲಿರುವವರ, ಗ್ರೀನ್ ಕಾರ್ಡಿಗೆ ಕಾಯುತ್ತಿರುವವರ ಮಕ್ಕಳು ಖಾಲಿ ಹಾಳೆ ಹಿಡಿದು ಬಂದರು. ಮಗು ಇಲ್ಲೇ ಹುಟ್ಟಿದೆ, 18 ತುಂಬಿದರೆ ವೋಟು ಹಾಕುತ್ತದೆ, ಅಪ್ಪ ಅಮ್ಮನಿಗೆ ಆ ಹಕ್ಕಿಲ್ಲ. ನಮ್ಮ ಕನ್ನಡದ ಮನೆಗಳಲ್ಲೇ ಇಂಥವು ಎಷ್ಟೋ. ಅಂಥ ಮಕ್ಕಳಿಗೆ ಸ್ಕೂಲ್ ಬೋರ್ಡ್ ಸಭೆಯ ವಿಷಯ ಹೇಳಿ. ಅಲ್ಲಿ ಎದ್ದು ನಿಂತು ಮಾತಾಡಲು ವೋಟಿನ ಹಕ್ಕು ಬೇಕಿಲ್ಲ.

ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಡೆಟ್ರಾಯಿಟ್‌ನ 13ನೇ ಕ್ಷೇತ್ರದಿಂದ ಕಾಂಗ್ರೆಸ್‌ಗೆ ಹೋದರು ಅಂತ ಹೇಳಲು ನಮಗೆ ಬಾಯಿ ತುರಿಸುವುದು ಸಹಜ. ಹೇಳಿ, ಆದರೆ ಎದುರಾಳಿಗಳ ಬಗ್ಗೆಯೂ ಅಷ್ಟೇ ಹೊತ್ತು ಹೇಳಿ. ನಿಮ್ಮ ವೋಟು ಯಾರಿಗೆ ಅಂತ ಮಕ್ಕಳು ಪೀಡಿಸಿದರೆ ನಕ್ಕು ಸುಮ್ಮನಾಗಿ. ಪಾಠದ ಹಾಳೆಗಳನ್ನು ಮೊದಲೇ ಪ್ರಿನ್ಸಿಪಾಲರಿಗೂ ಪೋಷಕರಿಗೂ ಕಳಿಸಿಬಿಟ್ಟರೆ ಅರ್ಧ ದೂರು ಹುಟ್ಟುವುದೇ ಇಲ್ಲ.

ಇನ್ನೊಂದು ಮಾತು. ಮತದಾನದ ಮರುದಿನ, ಬುಧವಾರ ಬೆಳಿಗ್ಗೆಯೇ ಫಲಿತಾಂಶದ ಪಾಠ ಇಟ್ಟುಕೊಳ್ಳಬೇಡಿ. 2022ರಲ್ಲಿ ನವೆಂಬರ್ 8ಕ್ಕೆ ಮತದಾನವಾಗಿ, ಹೌಸ್ ಯಾರ ಪಾಲು ಅಂತ ಖಚಿತವಾದದ್ದು 16ಕ್ಕೆ. ಕೊಲರಾಡೊದ ಒಂದು ಕ್ಷೇತ್ರದಲ್ಲಿ 3 ಲಕ್ಷಕ್ಕೂ ಹೆಚ್ಚು ವೋಟು ಬಿದ್ದು ಅಂತರ 546 ಮಾತ್ರ. ನಕ್ಷೆಯನ್ನು ಗೋಡೆಗೆ ಅಂಟಿಸಿ, ಫಲಿತಾಂಶ ಬಂದ ಹಾಗೆ ಮಕ್ಕಳೇ ಬಣ್ಣ ತುಂಬಲಿ, ಮುಂದಿನ ವಾರ ಒಂದು ಪೀರಿಯಡ್ ಖಾಲಿ ಇಟ್ಟುಕೊಂಡಿರಿ.