‘ಫಿಕಾರ್’ ಅಂದ್ರ ಇರೂದೋ, ಆಗೂದೋ, ಇಟ್ಕೊಳ್ಳೂದೋ?

ಪ್ರಶ್ನೆ: ಸರ್, ನನ್ನ ಮಗಳಿಗೆ ಲಿಸ್ಬನ್ನಾಗ ನೌಕರಿ ಸಿಕ್ಕೈತ್ರಿ, ಅಕಿ ಜೋಡಿ ನಾನೂ ಮೊಬೈಲ್‌ನಾಗ ಪೋರ್ಚುಗೀಸ್ ಕಲಿಯಾಕ ಹತ್ತೀನಿ. ‘ಫಿಕಾರ್’ ಅನ್ನೋ ಕ್ರಿಯಾಪದ ಒಂದು ಪಾಠದಾಗ ‘ಇರು’ ಅಂತ ಬರ್ತೈತಿ, ಮುಂದಿನದ್ರಾಗ ‘ಆಗು’, ಮತ್ತೊಂದ್ರಾಗ ‘ಇಟ್ಕೊ’. ಇದ್ರಾಗ ಯಾವುದು ಖರೆ?
– ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ಮೂರೂ ಖರೇನ ರೀ. ಆ್ಯಪ್‌ನವ್ರು ಒಂದೊಂದ ಅರ್ಥ ಬಿಡಿಬಿಡಿಯಾಗಿ ಕೊಡ್ತಾರ, ಅದಕ್ಕ ತಲಿ ಕೆಡ್ತೈತಿ. ಫಿಕಾರ್ ಒಂದನ್ನ ನೋಡಬ್ಯಾಡ್ರಿ, ಅದರ ನಂತರ ಯಾವ ಶಬ್ದ ಬಂದೈತಿ ಅದನ್ನ ನೋಡ್ರಿ, ಅರ್ಥ ಅಲ್ಲೇ ಸಿಗ್ತೈತಿ.

ಜಾಗಾ ಬಂದ್ರ ‘ಇರು, ಉಳಿ’. ‘ಫೀಕು ಎಂ ಕಾಜಾ’ ಅಂದ್ರ ನಾ ಮನ್ಯಾಗ ಇರ್ತೀನಿ. ಬ್ಯಾಂಕ್ ಎಲ್ಲೈತಿ ಅಂತ ಕೇಳೂದಿದ್ರ ‘ಓಂದೆ ಫೀಕಾ ಉ ಬಾಂಕು?’ ಆದ್ರ ‘ಎಲ್ಲೈತಿ’ ಅಂತ ಕೇಳೂ ಈ ಬಳಕಿ ಕದಲದ ವಸ್ತುಕ್ಕ ಅಷ್ಟ, ಬ್ಯಾಂಕು, ಸ್ಟೇಷನ್ನು, ಊರು ಇಂಥಾವಕ್ಕ. ಮಗಳು ಈಗ ಎಲ್ಲದಾಳ ಅಂತ ಕೇಳಾಕ ‘ಎಸ್ತಾರ್’ ಅನ್ನೋ ಬ್ಯಾರೆ ಕ್ರಿಯಾಪದ ಬೇಕು.

ಮನಸ್ಸಿನ ಅಥವಾ ಮೈಯ ಸ್ಥಿತಿ ಬಂದ್ರ ‘ಆಗು’. ‘ಫಿಕೇಯ್ ತ್ರಿಸ್ತೆ’, ನನಗ ಬ್ಯಾಸರ ಆತು. ಸಿಟ್ಟು, ದಣಿವು, ಜಡ್ಡು, ಶ್ರೀಮಂತಿಕಿ ಎಲ್ಲಾ ಇದ್ರಾಗ ನಡೀತಾವ, ಆದ್ರ ‘ಮಗಳು ಡಾಕ್ಟರ್ ಆದ್ಲು’ ಅನ್ನಾಕ ಮಾತ್ರ ಇದು ನಡ್ಯೂದಿಲ್ಲ, ಅಲ್ಲಿ ‘ತೊರ್ನಾರ್-ಸೆ’.

ಇನ್ನ ‘ಕೋಂ’ ಬಂದ್ರ, ಅಂದ್ರ ನಮ್ಮ ‘ಜೋಡಿ’, ವಸ್ತು ನಿಮ್ಮ ಹತ್ರ ಉಳೀತೈತಿ. ಅಂಗಡ್ಯಾಗ ನಾಕು ಸೀರಿ ಹರವಿಸಿ ಕಡೀಕ ಒಂದು ಕೈಯಾಗ ಹಿಡ್ಕೊಂಡು ‘ಇದ ಇರ್ಲಿ ಬಿಡ್ರಿ’ ಅಂತೀರಲ್ಲ, ಅದ ‘ಫೀಕು ಕೋಂ ಎಸ್ತೆ’. ‘ಸೇಂ’ ಬಂದ್ರ ಉಲ್ಟಾ, ‘ಫಿಕೇಯ್ ಸೇಂ ದಿನ್ಯೇಯ್ರು’ ಅಂದ್ರ ರೊಕ್ಕ ಖಾಲಿ ಆತು. ‘ದೆ’ ಬಂದ್ರ ಮಾತು ಕೊಟ್ಟಂಗ, ‘ಫಿಕೋ ದೆ ಲಿಗಾರ್’, ಫೋನ್ ಮಾಡ್ತೀನಿ ಅಂದಿದ್ದ, ಮಾಡಿದ್ನೋ ಬಿಟ್ನೋ ಅದು ಬ್ಯಾರೆ ಮಾತು (ಬಹಳ ಸಲ ಮಾಡಿರೂದಿಲ್ಲ ಅಂತ ತಿಳ್ಕೊಳ್ರಿ). ‘ಬೇಂ’ ಬಂದ್ರ ಅಂಗಿ ನಿಮಗ ಒಪ್ಪೈತಿ ಅಂತ.

ನಮ್ಮ ಕಡಿಯವರಿಗೆ ಭಾಳ ಸಲೀಸಾಗೂದು ಇನ್ನೊಂದೈತಿ. ಬಸ್ ಬರ್ಲಿಲ್ಲ, ಸ್ಟ್ಯಾಂಡಿನ್ಯಾಗ ‘ಕಾಯ್ಕೋಂತ ಕುಂತೆ’ ಅಂತೀವಿ, ನಿಂತಿದ್ರೂ ಕುಂತೆ ಅಂತೀವಿ! ಆ ‘ಕುಂತೆ’ ಇರೂ ಜಾಗಾದಾಗ ಅವ್ರು ಫಿಕಾರ್ ಹಾಕ್ತಾರ, ಲಿಸ್ಬನ್ನಾಗ ‘ಫಿಕೇಯ್ ಆ ಎಸ್ಪೇರಾ’, ಬ್ರೆಝಿಲ್‌ನಾಗ ‘ಫಿಕೇಯ್ ಎಸ್ಪೆರಾಂದು’. ಒಂದು ಹುಷಾರಿ, ‘ಫೀಕು’ ಅಂದ್ರ ನಾ ಇರ್ತೀನಿ, ‘ಫಿಕೋ’ ಅಂದ್ರ ಅವ ಇದ್ದ ಅಥವಾ ಅಕಿ ಇದ್ಲು, ಒತ್ತು ಎಲ್ಲಿ ಬೀಳ್ತೈತಿ ಅಂತ ಕಿವಿಗೊಟ್ಟು ಕೇಳ್ರಿ.

ಅಂದಂಗ ಪೋರ್ಚುಗೀಸ್ ಕ್ರಿಯಾಪದ ನಿಮಗ ಪೂರಾ ಹೊಸಾದೇನಲ್ಲ. ತಿಂಗಳಾ ಎಣಿಸ್ತೀರಲ್ಲ ‘ಪಗಾರ’, ಅದು ಅವ್ರ ‘ಪಗಾರ್’, ರೊಕ್ಕ ಕೊಡು ಅನ್ನೋದು. ಬಟಾಟಿ, ಚಾವಿ ಸುದ್ದಾ ಅಲ್ಲಿಂದ ಬಂದಾವ. 1961ರ ತನಕ ಗೋವಾದಾಗ ಅವ್ರದ ಆಳ್ವಿಕಿ ಇತ್ತು, ನಮ್ಮ ಖಾನಾಪುರ ದಾಟಿದ್ರ ಅವ್ರ ಗಡಿ.

ಪ್ರಶ್ನೆ: ಗೇಮ್ ಆಡೂವಾಗ ಬ್ರೆಝಿಲ್ ಗೆಳೆಯ ಒಬ್ಬ ‘ಫಿಕೇಯ್ ಕೋಂ ಎಲಾ’ ಅಂದ್ರಿ. ‘ಅಕಿನ್ನ ಇಟ್ಕೊಂಡೆ’ ಅಂತ ತಿಳ್ಕೊಂಡು ಗಾಬರಿ ಆದೆ. ಹಂಗೇನ್ರಿ?
– ಕಾಲೇಜು ವಿದ್ಯಾರ್ಥಿ, ಬಾಗಲಕೋಟೆ

ಉತ್ತರ: ಅಷ್ಟ ದೂರ ಹೋಗಬ್ಯಾಡಪಾ! ಬ್ರೆಝಿಲ್ ಹುಡುಗರ ಬಾಯಾಗ ಫಿಕಾರ್‌ಗೆ ಇನ್ನೊಂದು ಅರ್ಥ ಐತಿ, ಪಾರ್ಟಿಯೊಳಗ ಭೆಟ್ಟಿ ಆಗಿ ಮುತ್ತುಗಿತ್ತು ಕೊಟ್ಕೊಳ್ಳೂದು, ನಾಳೆ ಫೋನ್ ಮಾಡ್ಲೇಬೇಕು ಅಂತೇನಿಲ್ಲ. ಇದ ಶಬ್ದ ಆ ದೇಶದ ಇತಿಹಾಸದಾಗ ದೊಡ್ಡ ಮರ್ಯಾದಿದು ನೋಡು. 1822ರ ಜನವರಿ 9ಕ್ಕ, ಲಿಸ್ಬನ್‌ನವ್ರು ಪೋರ್ಚುಗಲ್ ರಾಜಕುಮಾರ ಪೆದ್ರೂನ ವಾಪಸ್ ಬಾ ಅಂತ ಕರದಾಗ, ಅವ ರಿಯೋದಾಗ ನಿಂತು ‘ಫೀಕು’ ಅಂದ, ನಾ ಇಲ್ಲೇ ಇರ್ತೀನಿ ಅಂತ ಮಂದಿಗೆ ಹೇಳ್ರಿ ಅಂದ. ಆ ದಿನಕ್ಕ ‘ದಿಯಾ ದು ಫೀಕು’ ಅಂತನ ಹೆಸರು, ಅದ ವರ್ಷ ಸೆಪ್ಟೆಂಬರ್ 7ಕ್ಕ ಬ್ರೆಝಿಲ್ ಸ್ವತಂತ್ರ ಆತು. ನಿನ್ನ ಗೆಳೆಯ ಮುಂದ ‘ನಮೊರಾರ್’ (ಖಾಯಂ ಜೋಡಿಯಾಗಿ ಪ್ರೀತಿ ಮಾಡೂದು) ಅಂತ ಅಂದ್ರ ಆವಾಗ ಪ್ರಕರಣ ಸೀರಿಯಸ್ ಐತಿ ಅಂತ ತಿಳ್ಕೊ, ಅಲ್ಲಿ ತನಕ ಶುಭಾಶಯ ಗಿಭಾಶಯ ಕಳಸಾಕ ಹೋಗಬ್ಯಾಡ.